ಹನಿ ಎಣಿಸಿದವರಿಗೆ ಶರಣಾರ್ಥಿ

ವಿಜಯಪುರದ ಬಿರುಬೇಸಿಗೆ ಮುಗಿಯಿತು. ವಾಂತಿ-ಭೇದಿಯಿಂದ ನಿತ್ರಾಣರಾಗಿ, ಕಾಲೆತ್ತಲೂ ಆಗದೆ ವಾರ್ಡಿಗೆ ಬಂದವರ ರಕ್ತದಲ್ಲಿ ತಗ್ಗಿದ್ದ ಪೊಟ್ಯಾಸಿಯಂ (ಸ್ನಾಯು, ಹೃದಯ ನಡೆಸುವ ಲವಣ) ಮತ್ತೆ ಸರಿಮಟ್ಟದ ಕೆಳಗಿನ ಅಂಚಾದ 3.5 ದಾಟುವ ತನಕ ಕಾದ ಕೈಗಳಿಗೆ ಡಾಕ್ಟರರೆಲ್ಲರ ಪರವಾಗಿ ಈ ಕೃತಜ್ಞತೆ.

ಮೊದಲ ಶರಣು ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ. 10 ಮಿಲಿಯ ಒಂದು ಆಂಪೂಲಿನಲ್ಲಿ (ಔಷಧಿಯ ಪುಟ್ಟ ಸೀಸೆಯಲ್ಲಿ) 20 ಮಿಲಿಇಕ್ವಿವಲೆಂಟ್ (ಲವಣ ಅಳೆಯುವ ಮಾನ) ಪೊಟ್ಯಾಸಿಯಂ ಇರುತ್ತದೆ. ಸಿರಿಂಜಿನಿಂದ ನೇರ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಬಿಡಬಹುದು. ಅದಕ್ಕೇ ಬೇರೆ ಡಬ್ಬಿಯಲ್ಲಿ ಬೀಗ ಹಾಕಿ ಇಟ್ಟಿರಿ, ತೆಗೆದಾಗಲೆಲ್ಲ ಇಬ್ಬಿಬ್ಬರು ಲೇಬಲ್ ಓದಿದಿರಿ. ನೇತಾಡುವ ಬಾಟಲಿಗೆ ಔಷಧಿ ಹಾಕಿದರೆ ಅದು ಬುಡದಲ್ಲೇ ನಿಂತು ಮೊದಲ ಹನಿಗಳ ಜೊತೆಗೇ ಒಳಗೆ ಹೋಗುತ್ತದೆ. ನೀವು ಬಾಟಲಿ ಇಳಿಸಿ, ಬೆರೆಸಿ, ಹತ್ತು ಸಲ ಬುಡಮೇಲು ಮಾಡಿ ಆಮೇಲೆ ಹಚ್ಚಿದಿರಿ. 500 ಮಿಲಿ ನಾರ್ಮಲ್ ಸಲೈನಿಗೆ ಒಂದೇ ಆಂಪೂಲು, ನಾಲ್ಕು ತಾಸು: ಮಿಲಿಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿನಲ್ಲಿ ನಿಮಿಷಕ್ಕೆ 42 ಹನಿ. ಟಾರ್ಚು ಹಿಡಿದು ಅದನ್ನು ಎಣಿಸಿದವರು ನೀವು. ‘ಸಿಸ್ಟರ್, ಕೈ ಉರೀಲಾಕತ್ತದ ರೀ’ ಎಂದ ಕೂಡಲೇ ವೇಗ ತಗ್ಗಿಸಿ, ಸೂಜಿ ಇದ್ದಲ್ಲಿ ಬಾವು ಬಂದಿದೆಯೇ ನೋಡಿದಿರಿ. ಸಲೈನ್ ಬದಲು ಡೆಕ್ಸ್‌ಟ್ರೋಸ್ (ಸಕ್ಕರೆ ನೀರಿನ ಬಾಟಲಿ) ಎಂದು ನಾವು ಬರೆದಿದ್ದರೆ ನಮ್ಮನ್ನೇ ತಡೆದು ಕೇಳಿದಿರಿ. ಸಕ್ಕರೆಗೆ ಇನ್ಸುಲಿನ್ ಏರಿ, ಇದ್ದ ಪೊಟ್ಯಾಸಿಯಮ್ಮೂ ಜೀವಕೋಶದೊಳಗೆ ಸೇರಿಕೊಳ್ಳುತ್ತದಲ್ಲ.

ಲ್ಯಾಬಿನವರ ಋಣ ದೊಡ್ಡದು. ರಕ್ತಕಣ ಒಡೆದ ಸ್ಯಾಂಪಲ್ಲಿನಲ್ಲಿ ಪೊಟ್ಯಾಸಿಯಂ ಸುಳ್ಳೇ ಏರಿ, 2.9 ಇದ್ದದ್ದು ಸರಿಯಾಗಿಯೇ ಇದೆ ಎಂದು ಕಾಣಬಹುದು. ಅಂಥದ್ದು ಬಂದರೆ ರಿಪೋರ್ಟ್ ಕೊಟ್ಟು ಕೈ ತೊಳೆದುಕೊಳ್ಳದೆ ‘ಮತ್ತೊಮ್ಮೆ ರಕ್ತ ಕಳಿಸಿ’ ಎಂದು ಫೋನ್ ಮಾಡಿದಿರಿ. ಎಷ್ಟು ಕೊಟ್ಟರೂ ಏರದವರ ಮೆಗ್ನೀಸಿಯಂ ನೋಡಿಕೊಟ್ಟಿರಿ. ಅದು ಕಡಿಮೆಯಿದ್ದರೆ ಕೊಟ್ಟದ್ದೆಲ್ಲ ಮೂತ್ರದಲ್ಲಿ ಸೋರಿಹೋಗುತ್ತದೆ. ಮೊದಲು ಅದನ್ನು ತುಂಬಬೇಕು. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ ಪಕ್ಕದಲ್ಲೇ ಯು ಅಲೆ ಎದ್ದದ್ದನ್ನು, ಅಂದರೆ ಪೊಟ್ಯಾಸಿಯಂ ತಗ್ಗಿದ ಗುರುತನ್ನು ಕಂಡು ಪಟ್ಟಿ ಹಿಡಿದು ಓಡಿಬಂದ ಟೆಕ್ನಿಷಿಯನ್ ತಮ್ಮಂದಿರಿಗೂ ಶರಣು.

ಇನ್ನು ಮನೆಮಂದಿ. ಗಂಟಲು ಸುಡುವ ಪೊಟ್ಯಾಸಿಯಂ ಸಿರಪ್ಪನ್ನು 15 ಮಿಲಿ ಅಳೆದು, ಒಂದು ಲೋಟ ನೀರಿಗೆ ಹಾಕಿ, ಊಟವಾದ ಮೇಲೆ ಗುಟುಕು ಗುಟುಕಾಗಿ ಕುಡಿಸಿದ ಅವ್ವಂದಿರೇ, ಅಕ್ಕಂದಿರೇ, ಮೂತ್ರ ಅಳೆದು ಚೀಟಿಯಲ್ಲಿ ಬರೆದಿಟ್ಟದ್ದೂ ನೀವೇ. ಮೂತ್ರ ಕಡಿಮೆಯಾದರೆ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲೇ ಏರುತ್ತದೆ; ಆಗ ಆ ಚೀಟಿ ನೋಡಿಯೇ ನಾವು ಅದನ್ನು ನಿಲ್ಲಿಸಿದ್ದು. ಪೊಟ್ಯಾಸಿಯಂ ಇರುವ ಎಳನೀರು ಒಳ್ಳೆಯದೇ, ಆದರೆ ಕಿಡ್ನಿ ತೊಂದರೆ ಇದ್ದವರಿಗೆ ಕೇಳದೆ ಕೊಡಬೇಡಿರಿ. ಬಾವು ಇಳಿಸಲು ಮೂತ್ರ ಹೆಚ್ಚಿಸುವ ‘ನೀರಿನ ಗುಳಿಗೆ’ ನುಂಗುವವರು ಬರೆದುಕೊಟ್ಟ ದಿನಕ್ಕೆ ರಕ್ತ ಪರೀಕ್ಷೆಗೆ ತಪ್ಪದೆ ಬರ್ರಿ.