ಎಲಿ ಕೈಯಾಗ ಇದ್ದವರೆಲ್ಲಾ ಜೂಜುಕೋರರಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ದೀಪಾವಳಿ ಹತ್ರ ಬಂತಂದ್ರ ನಮ್ಮ ಕಡೆ ಪೇಪರಿನಾಗ ಅಂದರ್ ಬಾಹರ್ ಅಡ್ಡೆ ಮ್ಯಾಲೆ ದಾಳಿ, ಇಷ್ಟು ಮಂದಿ ವಶಕ್ಕೆ, ಇಷ್ಟು ರೊಕ್ಕ ಜಪ್ತಿ ಅನ್ನೋ ಸುದ್ದಿ ಮ್ಯಾಲಿಂದ ಮ್ಯಾಲೆ ಬರತಾವ. ಬರಲಿ, ಬರಬೇಕು, ಜೂಜಿನಿಂದ ಮನಿ ಹಾಳಾಗಿದ್ದು ನಮ್ಮ ಓಣ್ಯಾಗೂ ಕಂಡೇವಿ. ಆದ್ರ ಅದರ ಜೋಡಿ ಇನ್ನೊಂದು ಆಗೈತಿ, ಇಸ್ಪೀಟ್ ಎಲಿ ಹಿಡದವ ಯಾರ ಇರಲಿ, ಎಲ್ಲೇ ಕುಂತಿರಲಿ, ಅವ ಜೂಜಿನವನ ಅಂತ ಮಂದಿ ಮನಸಿನಾಗ ಕುಂತುಬಿಟ್ಟೈತಿ. ನಾನು ಹುಬ್ಬಳ್ಳ್ಯಾಗ ಹಗಲೊತ್ತು ಒಂದು ಎಲೆಕ್ಟ್ರಿಕಲ್ ಅಂಗಡ್ಯಾಗ ಲೆಕ್ಕ ಬರೀತೇನಿ, ಶನಿವಾರ ಐತವಾರ ಸಂಜೀಗೆ ರೆಸ್ಟೋರೆಂಟ್‌ನಾಗ, ಕೆಲವೊಮ್ಮೆ ಬಾರ್‌ನಾಗ, ಟೇಬಲ್‌ನಿಂದ ಟೇಬಲ್‌ಗೆ ಹೋಗಿ ಎಲಿ ಜಾದು ತೋರಸ್ತೇನಿ. ಇದು ಒಂದು ಕಲಾ, ಇದಕ್ಕ ನಮ್ಮೂರಿನ ಹೋಟೆಲ್‌ನಾಗ ಮರ್ಯಾದಿಯಿಂದ ಜಾಗ ಸಿಗಬೇಕು ಅಂತ ಹೇಳಾಕ ಈ ಪತ್ರ ಬರಿಯಾಕತ್ತೇನಿ.

ಮೊನ್ನೆ ಮೊನ್ನೆ ಊರಾಗಿನ ಒಂದು ಫ್ಯಾಮಿಲಿ ರೆಸ್ಟೋರೆಂಟ್‌ಗೆ ಮಾಲಕರನ್ನ ಕೇಳೇ ಹೋಗಿದ್ದೆ. ಎರಡು ಟೇಬಲ್ ಮುಗದಿತ್ತು, ಮೂರನೇ ಟೇಬಲ್‌ನ ಸಣ್ಣ ಹುಡುಗ್ರು ಅಂಕಲ್ ಇಲ್ಲೆ ಬರ್ರಿ ಅಂತ ಕೂಗಾಕತ್ತಿದ್ವು, ಅಷ್ಟರಾಗ ಯಾರೋ ಒಬ್ಬರು ಕೌಂಟರಿಗೆ ಹೋಗಿ "ಇಲ್ಲೆ ಹೆಣ್ಣುಮಕ್ಕಳು ಕುಂತಾರ, ಇಸ್ಪೀಟ್ ಆಡಸ್ತೀರೇನ್ರಿ?" ಅಂದ್ರಂತ. ಮ್ಯಾನೇಜರ್ ಓಡಿ ಬಂದು, "ತಮ್ಮಾ, ಮೊದ್ಲ ಎಲಿ ಕಿಸೇದಾಗ ಇಡು, ಯಾರರ ಫೋಟೋ ಹೊಡದು ಹಾಕಿದ್ರ ನಾಳೆ ನಮ್ಮ ಲೈಸನ್ಸಿಗೆ ಬರತೈತಿ" ಅಂದ. ನಾ ಇಟ್ಟುಕೊಂಡೆ, ಹೊರಗ ಬಂದೆ. ಅವನ ಮ್ಯಾಲೆ ಸಿಟ್ಟಿಲ್ಲ, ಅವನ ಅಂಜಿಕಿ ಖರೇನ ಐತಿ, ಆದ್ರ ಆ ಅಂಜಿಕಿಗೆ ಆಧಾರ ಇಲ್ಲ ಅನ್ನೋದು ನನ್ನ ಮಾತು.

ಕಾನೂನು ಏನೈತಿ ಅಂತ ಎರಡು ಮಾತಿನಾಗ ಹೇಳ್ತೇನಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆ, ಅದರಾಗ 79 ಮತ್ತ 80ನೇ ಕಲಂ ಜೂಜಿನ ಅಡ್ಡೆ ನಡಸೋರಿಗೆ, ಅಲ್ಲಿ ಕುಂತು ಆಡೋರಿಗೆ, 87 ಬೀದ್ಯಾಗ ಜೂಜಾಡೋರಿಗೆ. ಎಲ್ಲಾದಕ್ಕೂ ಬುಡ ಅಂದ್ರ ಪಣ, ರೊಕ್ಕ ಇಟ್ಟು ಗೆಲ್ಲೋದು ಸೋಲೋದು. ಜಾದುದಾಗ ಯಾರೂ ಏನೂ ಇಡಂಗಿಲ್ಲ, ಯಾರೂ ಗೆಲ್ಲಂಗಿಲ್ಲ, ಯಾರೂ ಸೋಲಂಗಿಲ್ಲ. ಒಂದು ಡೆಕ್ ಎಲಿ ಕಿಸೇದಾಗ ಇಟ್ಕೊಂಡು ತಿರಗೋದು ಯಾವ ಕಾಯ್ದೆದಾಗೂ ತಪ್ಪಲ್ಲ, ಪುಸ್ತಕದ ಅಂಗಡ್ಯಾಗ, ಸ್ಟೇಷನರಿ ಅಂಗಡ್ಯಾಗ ಎದುರಿಗೇ ಇಟ್ಟು ಮಾರ್ತಾರ.

ಇನ್ನ ನಾ ಬಳಸೋ ಎಲಿ ಬಗ್ಗೆ ಹೇಳಬೇಕು, ಯಾಕಂದ್ರ ಮಂದಿಗೆ ದೊಡ್ಡ ಸಂಶಯ ಇರೋದ ಅದರ ಮ್ಯಾಲೆ. ಜಾತ್ರಿಯೊಳಗ, ಆನ್‌ಲೈನ್‌ನಾಗ ಜಾದು ಡೆಕ್ ಅಂತ ಸಿಗತಾವ, ಅವು ಆಟಕ್ಕಂತ ಗುಟ್ಟಾಗಿ ಬದಲಿಸಿ ತಯಾರಿ ಮಾಡಿದ ಎಲಿ, ಜಾದು ಮಾಡಾಕ ಸಲೀಸು, ಆದ್ರ ಗಿರಾಕಿ ಕೈಯಾಗ ಕೊಟ್ಟು ನೋಡ್ರಿ ಅನ್ನಾಕ ಬರಂಗಿಲ್ಲ. ಸ್ಟೇಜ್ ಮ್ಯಾಲೆ ನಡೀತೈತಿ, ಅಲ್ಲಿ ಮಂದಿ ದೂರ ಇರ್ತಾರ. ಹೋಟೆಲ್ ಟೇಬಲ್‌ನಾಗ ನೋಡೋರ ಮೂಗು ನನ್ನ ಕೈಯಿಂದ ಒಂದು ಗೇಣು ದೂರ, ಮೂರೂ ಕಡೆ ಮಂದಿ, ಹಿಂದ ನಿಂತ ವೇಟರ್ ಬ್ಯಾರೆ ಇಣಕಿ ನೋಡ್ತಾನ. ಅದಕ್ಕ ಸಾದಾ ಡೆಕ್ಕ ಬೇಕು, ಇಸ್ಪೀಟ್, ಬದಾಮ್, ಚೌಕಟ್, ಕಿಲಾವರ್ ಅಂತ ನಾಲ್ಕು ಬಣ್ಣ, ಬಣ್ಣಕ್ಕ ಹದಿಮೂರು, ಒಟ್ಟು 52, ಯಾರ ಬೇಕಾದ್ರೂ ಎಣಿಸಲಿ, ಕಲಸಲಿ, ಬೆಳಕಿಗೆ ಹಿಡದು ನೋಡಲಿ. ಅವರ ಮನಿಯಿಂದನ ತಂದ್ರೂ ಆತು. ಹಂಗ ತಂದ ಡೆಕ್‌ನಾಗ ಬಹಳ ಸಲ ಒಂದು ಎಲಿ ಕಳದಿರತೈತಿ, ಅದರ ಬದಲಿ ಜೋಕರ್ ಮ್ಯಾಲೆ ಬಾಲ್‌ಪೆನ್ನಿಂದ "ಕಿಲಾವರ್ 4" ಅಂತ ಬರದಿರ್ತಾರ, ಅದನ್ನೂ ಆಟದಾಗ ಸೇರಿಸ್ಕೋಬೇಕಾಗತೈತಿ. ಎಲ್ಲಾರೂ ಅದೊಂದ ಎಲಿ ಗುರುತಿಟ್ಟಿರ್ತಾರ, ಹಂಗಾಗಿ ಕಡೀಕ ಮಾಯ ಆಗೋದು ಅದ ಎಲಿ ಆದ್ರ ಟೇಬಲ್ ಪೂರಾ ಎದ್ದು ನಿಂದ್ರತೈತಿ.

ಇದ್ರಾಗ ಲೆಕ್ಕದ ಆಟನೂ ಅದಾವ. ನಮ್ಮ ಕಡೆ ಬೇಸಿಗಿ ಸೂಟಿಯೊಳಗ ಎಲ್ಲಾ ಹುಡುಗ್ರೂ ಕಲಿಯೋ 21 ಎಲಿ ಆಟ ಗೊತ್ತಿದ್ದದ್ದ, ಸಾಲಿಗೆ ಒಂದೊಂದರಂಗ ಹಾಕ್ಕೋತ ಮೂರು ಸಾಲಿನಾಗ ಏಳೇಳು ಹಚ್ಚಿ, ನಿಮ್ಮ ಎಲಿ ಯಾವ ಸಾಲಿನಾಗೈತಿ ಅಂತ ಕೇಳಿ, ಆ ಸಾಲು ನಡುವ ಇಟ್ಟು, ಹಿಂಗ ಮೂರು ಸಲ ಮಾಡಿದ್ರ ನೆನಸಿದ ಎಲಿ 11ನೇ ಜಾಗಾಕ್ಕ ಬಂದು ಕುಂದ್ರತೈತಿ. ಇದರಾಗ ಕೈಚಳಕ ಏನೂ ಇಲ್ಲ. ಮೊದಲನೇ ಸಲಕ್ಕ ಎಲಿ ನಡುವಿನ ಏಳರಾಗ ಬರತೈತಿ, ಎರಡನೇ ಸಲಕ್ಕ 10, 11, 12ರಾಗ ಒಂದು ಕಡೆ, ಮೂರನೇ ಸಲ ಹಚ್ಚುವಾಗ ಆ ಮೂರೂ ಒಂದೊಂದು ಸಾಲಿನ ನಟ್ಟನಡುವ ಬೀಳತಾವ, ಅಷ್ಟ. ಹುಡುಗ್ರು ಇದನ್ನ ಮಾಡಿ ತೋರಿಸಿದ್ರ ನಾ ಕುಂತು ಪೂರ್ತಿ ನೋಡ್ತೇನಿ, ಆಮ್ಯಾಲೆ ಯಾಕ ಹನ್ನೊಂದ ಬರತೈತಿ ಅಂತ ಅವಕ್ಕ ಟಿಶ್ಯೂ ಪೇಪರ್ ಮ್ಯಾಲೆ ಬರದು ತೋರಸ್ತೇನಿ, ಅವ್ವ ಅಪ್ಪನೂ ಬಗ್ಗಿ ನೋಡ್ತಾರ. ಗಣಿತ ಅಂದ್ರ ಮಾರು ದೂರ ಓಡೋ ಹುಡುಗ ಅಲ್ಲಿ ಪೆನ್ ಕಸಗೊಂಡು ತಾನ ಲೆಕ್ಕ ಹಾಕ್ತಾನ.

ಹೋಟೆಲ್‌ನಾಗ ತೋರಸಾಕ ಹೊತ್ತು ಗೊತ್ತಿರಬೇಕು. ಆರ್ಡರ್ ಕೊಟ್ಟ ಮ್ಯಾಲೆ, ಊಟ ಬರೋಕಿಂತ ಮೊದ್ಲ, ಆ ಹತ್ತು ಹದಿನೈದು ಮಿನಿಟು ಮಂದಿ ಒಬ್ಬರ ಮಾರಿ ಒಬ್ಬರು ನೋಡದ ಮೊಬೈಲ್ ನೋಡ್ಕೋತ ಕುಂತಿರ್ತಾರ, ಆ ಹೊತ್ತು ನಮ್ಮದು. ಪ್ಲೇಟ್ ಬಂತಂದ್ರ ಅರ್ಧ ಆಟ ಆದ್ರೂ ಮುಗಿಸಿ ಸರೀಬೇಕು, ಬಿಸಿ ರೊಟ್ಟಿ ಆರಬಾರದು. ಸಾವಜಿ ಖಾನಾವಳ್ಯಾಗ ಅಂತೂ ಊಟ ಶುರು ಆದ ಮ್ಯಾಲೆ ಎಲಿ ತಗೀಲೇಬಾರದು, ಎಣ್ಣಿ ಕೈಯಿಂದ ಒಂದ ಸಲ ಮುಟ್ಟಿದ್ರ ಕಾಗದದ ಎಲಿ ಸತ್ತಂಗ. ಬಾರ್‌ನಾಗ ತ್ರಾಸು ಬ್ಯಾರೆ, ಟೇಬಲ್ ಮ್ಯಾಲೆ ಗ್ಲಾಸಿನ ನೀರಿನ ಉಂಗುರ, ಮ್ಯಾಲೆ ಕೆಂಪು ದೀಪ, ಆ ದೀಪದಾಗ ಬದಾಮ್ ಚೌಕಟ್ ಎರಡೂ ಮಾಸಿದಂಗ ಕಾಣತಾವ, ಅದಕ್ಕ ನಾ ಅಲ್ಲೆ ಕರೀ ಬಣ್ಣದ ಇಸ್ಪೀಟ್ ಕಿಲಾವರ್‌ದ ಎಲಿನ ಹೆಚ್ಚು ಬಳಸ್ತೇನಿ. ಪ್ಲಾಸ್ಟಿಕ್ ಎಲಿ ಒರಸಬಹುದು ಖರೇ, ಆದ್ರ ಜಾರತಾವ. ಇಂಥಾವೆಲ್ಲಾ ತಿಂಗಳಗಟ್ಟಲೆ ಕನ್ನಡಿ ಮುಂದ ಕುಂತು, ಬೆರಳು ನೋವು ಮಾಡ್ಕೊಂಡು ಕಲಿಯೋ ವಿದ್ಯಾ, ಬೀದಿ ಚಟ ಅಲ್ಲ.

ವಿದ್ಯಾನಗರದಾಗ ಒಂದು ಹೋಟೆಲ್‌ನಾಗ ಗದಗ ಕಡೆಯಿಂದ ಬಂದ ಕುಟುಂಬ ಕುಂತಿತ್ತು, ಮೊಮ್ಮಗಳ ಬರ್ತ್‌ಡೇ. ಅಜ್ಜಾರು ಧೋತರ, ಟೊಪಗಿ, ಎಲಿ ಕಂಡ ಕೂಡ್ಲೆ ಮಾರಿ ಗಂಟು ಹಾಕಿದ್ರು. "ಅಜ್ಜಾರ, ಇದ್ರಾಗ ಬಾಜಿ ಇಲ್ಲ, ನೀವ ಕಲಸ್ರಿ" ಅಂತ ಡೆಕ್ ಅವರ ಕೈಯಾಗ ಇಟ್ಟೆ. "ಎಷ್ಟು ಸಲ ಕಲಸಲೋ?" ಅಂದ್ರು. "ಏಳು ಸಲ, ಎರಡು ಭಾಗ ಮಾಡಿ ಒಂದರಾಗ ಒಂದು ಸೇರಿಸಿ." "ಏಳ ಯಾಕ?" ಅಂದ್ರು, ನಂಗ ಅದ ಪ್ರಶ್ನೆ ಬೇಕಾಗಿತ್ತು. ಅಮೆರಿಕದಾಗ ಪರ್ಸಿ ಡಯಾಕೋನಿಸ್ ಅಂತ ಅದಾರ, ಹದಿನಾಲ್ಕನೇ ವಯಸ್ಸಿಗೆ ಮನಿ ಬಿಟ್ಟು ಡೈ ವರ್ನನ್ ಅನ್ನೋ ದೊಡ್ಡ ಎಲಿ ಜಾದುಗಾರನ ಹಿಂದ ಊರೂರು ತಿರಗಿದವ್ರು, ಆಮ್ಯಾಲೆ ಓದಿ ಹಾರ್ವರ್ಡ್‌ನಾಗ ಪಿಎಚ್‌ಡಿ ಮಾಡಿ ಸ್ಟ್ಯಾನ್‌ಫರ್ಡ್‌ನಾಗ ಗಣಿತದ ಪ್ರೊಫೆಸರ್ ಆದ್ರು. ಅವರು ಮತ್ತ ಇನ್ನೊಬ್ಬ ಗಣಿತಜ್ಞ ಡೇವ್ ಬೇಯರ್ ಕೂಡಿ 1992ರಾಗ ಲೆಕ್ಕ ಹಾಕಿ ತೋರಿಸಿದ್ರು, ಹಿಂಗ ಏಳು ಸಲ ಕಲಸಿದ್ರ 52 ಎಲಿ ಸಾಕಷ್ಟು ಛಲೋ ಬೆರೀತಾವ ಅಂತ. ಎಲಿ ಹಿಡದ ಹುಡುಗ ಹಾಳಾಗ್ತಾನ ಅನ್ನೋರಿಗೆ ನಾ ಮೊದ್ಲ ಹೇಳೋ ಹೆಸರು ಇವರದ. ಅಜ್ಜಾರು ಎಣಿಸಿ ಏಳು ಸಲ ಕಲಸಿದ್ರು. ಹಿಂಗ ಕಲಸಿದ ಡೆಕ್ ಎಷ್ಟು ನಮೂನಿ ಸಾಲಿನಾಗ ಬರಬಹುದು ಅಂದ್ರ 8 ಬರದು ಮುಂದ 67 ಸೊನ್ನಿ ಹಚ್ಚಿದ್ರ ಹತ್ತಿರ ಹತ್ತಿರ ಬರತೈತಿ, ಅಂದ್ರ ಅಜ್ಜಾರ ಕೈಯಾಗ ಬಂದ ಆ ಸಾಲು ಇಲ್ಲಿತನಕ ಜಗತ್ತಿನಾಗ ಯಾರ ಕೈಯಾಗೂ ಬಂದಿರಲಿಕ್ಕಿಲ್ಲ. ಅದನ್ನ ಕೇಳಿ ಅವರು ಡೆಕ್ಕನ್ನ ಎರಡೂ ಕೈಯಾಗ ಗಟ್ಟಿ ಹಿಡಕೊಂಡ್ರು.

ಮೊಮ್ಮಗಳು ಬದಾಮ್ ಒಂಬತ್ತು ತಗದಳು, ಅದರ ಮ್ಯಾಲೆ ತನ್ನ ಹೆಸರು ಬರದು ನಡುವ ಇಟ್ಟಳು, ಮ್ಯಾಲಿನ ಎಲಿ ತಿರುವಿದ್ರ ಅದ ಬಂತು. ಮತ್ತ ನಡುವ, ಮತ್ತ ಮ್ಯಾಲೆ. ಕಡೀಕ ಅಜ್ಜಾರ ಎರಡು ಅಂಗೈ ನಡುವ ಒಂದ ಎಲಿ ಇಟ್ಟು "ಬಿಡಬ್ಯಾಡ್ರಿ" ಅಂದೆ, ತಗದು ನೋಡಿದ್ರ ಮೊಮ್ಮಗಳ ಹೆಸರು. ಅಜ್ಜಾರು ನಗಾಕ ಹತ್ತಿದ್ರು, ಹಲ್ಲಿಲ್ಲದ ಬಾಯಿ ತಗದು ನಕ್ಕಿದ್ದ ನಕ್ಕಿದ್ದು, "ಇನ್ನೊಮ್ಮೆ ಮಾಡೋ ಹುಡುಗಾ" ಅಂತ ಮೂರು ಸಲ ಅಂದ್ರು. ಆ ಎಲಿ ಮನಿಗೆ ಒಯ್ದಾರ.

ಬಾರ್ ವಿಷಯಕ್ಕ ಬರ್ತೇನಿ, ಅಲ್ಲೆ ಖರೇನ ಎಚ್ಚರ ಬೇಕು. ಎರಡು ಪೆಗ್ ಆದ ಮ್ಯಾಲೆ ಯಾರರ ಒಬ್ಬ ಐದನೂರರ ನೋಟು ಟೇಬಲ್ ಮ್ಯಾಲೆ ಬಡದು "ರಾಣಿ ಎಲ್ಲೈತಿ ನಾ ಹೇಳ್ತೇನಿ, ಬಾಜಿ ಕಟ್ಟು" ಅಂದ ಅಂತಾನ. ಅಲ್ಲೆ ಎಲಿ ಡಬ್ಬಿಯೊಳಗ ಹೋಗಬೇಕು, ಎರಡನೇ ಮಾತಿಲ್ಲ. ನಾ ಹಂಗ ಮಾಡ್ತೇನಿ, "ಅಣ್ಣಾರ, ನೋಟು ಒಳಗ ಇಡ್ರಿ, ಇಲ್ಲಾಂದ್ರ ನಾ ಮುಂದಿನ ಟೇಬಲ್‌ಗೆ" ಅಂತೇನಿ, ಹತ್ತರಾಗ ಒಂಬತ್ತು ಮಂದಿ ಇಡ್ತಾರ. ಈ ಕೆಲಸ ಮಾಡೋ ಬ್ಯಾರೆ ಹುಡುಗ್ರಿಗೂ ಕೈ ಮುಗದು ಕೇಳ್ತೇನಿ, ಗಮ್ಮತ್ತಿಗೆ ಅಂತ ಹತ್ತು ರೂಪಾಯಿ ಬಾಜಿನೂ ಬ್ಯಾಡ, ಒಬ್ಬ ಕಟ್ಟಿಸ್ಕೊಂಡ್ರ ನಮ್ಮೆಲ್ಲಾರ ಹೆಸರೂ ಹೋಗತೈತಿ. ಸಂತಿ, ಜಾತ್ರಿ ಕಡೆ ಮೂರು ಎಲಿ ಉಲ್ಟಾ ಹಾಕಿ ರಾಣಿ ಹಿಡೀರಿ ಅನ್ನೋರ ಕೈಯಾಗೂ ನಮ್ಮದ ಕೈಚಳಕ ಐತಿ, ಅದನ್ನ ಅವರು ಕಳವಿಗೆ ಬಳಸ್ತಾರ, ನಿಮ್ಮ ಮುಂದ ಗೆದ್ದಂಗ ಮಾಡಿದವ್ರು ಅವರ ಮಂದಿನ ಇರ್ತಾರ, ಹೊರಗಿನವ ಅಲ್ಲಿ ಗೆಲ್ಲಂಗೇ ಇಲ್ಲ. ಓದೋರು ಇದನ್ನ ನೆನಪಿಟ್ಕೋರಿ, ಅಲ್ಲೆ ನಿಂದ್ರಬ್ಯಾಡ್ರಿ.

"ತೋಳಿನಾಗ ಎಲಿ ಮುಚ್ಚಿಟ್ಟಾನ" ಅಂತ ದಿನಾ ಕೇಳ್ತೇನಿ, ಅದಕ್ಕ ಅಂಗಿ ತೋಳು ಮಡಚೇ ನಿಂದ್ರತೇನಿ. ಅರ್ಜೆಂಟೀನಾದ ರೆನೆ ಲಾವಾಂಡ್ ಅನ್ನೋವ್ರು ಒಂಬತ್ತನೇ ವಯಸ್ಸಿಗೆ ಅಪಘಾತದಾಗ ಬಲಗೈ ಕಳಕೊಂಡ್ರು, ಉಳದ ಎಡಗೈ ಒಂದರಿಂದನ, ಅದೂ ಸಾವಕಾಶ, ಎಲಿ ಜಾದು ಮಾಡಿ 2015ರಾಗ ತೀರಿಕೊಳ್ಳೋತನಕ ದೊಡ್ಡ ಹೆಸರು ಮಾಡಿದ್ರು. ಅವರ ವಿಡಿಯೋ ನೋಡಿದ ರಾತ್ರಿ ನಂಗ ನಿದ್ದಿ ಬಂದಿಲ್ಲ. ಹೋಟೆಲ್ ಮಾಲಕರಿಗೆ ಹೇಳೋ ಹೆಸರು ಬ್ಯಾರೆ, ಶಿಕಾಗೋದ ಮ್ಯಾಟ್ ಶೂಲಿನ್. ಅವರು ಜಾದುಗಾರರನ್ನ ಕರಸಿದವ್ರಲ್ಲ, ಸ್ವತಃ ರೆಸ್ಟೋರೆಂಟ್ ಮಾಲಕರು, ಊಟಕ್ಕ ಬಂದವರ ಟೇಬಲ್‌ಗೆ ತಾವ ಹೋಗಿ ಎಲಿ ತೋರಿಸ್ತಿದ್ರು, ಡೆಕ್ಕನ್ನ ಗ್ವಾಡಿಗೆ ಒಗದ್ರ ಗಿರಾಕಿ ಆರಿಸಿದ ಎಲಿ ಒಂದ ಪಿನ್ನಿಗೆ ಸಿಕ್ಕು ಅಲ್ಲೆ ನಿಂದ್ರತಿತ್ತು. ಶಿಕಾಗೋದಾಗ ಬಾರ್ ಜಾದು ಅಂತ ಒಂದು ಪರಂಪರಾನ ಬೆಳೀತು. ನಮ್ಮಲ್ಲೂ ಇದು ಹೊಸಾದಲ್ಲ, ಸಂತಿಯೊಳಗ ಗಾರುಡಿಗರು ನೆಲದ ಮ್ಯಾಲೆ ಕುಂತು ಮೂರು ಬಟ್ಟಲು ಬೋರಲು ಹಾಕಿ ಚೆಂಡು ಮಾಯ ಮಾಡೋದನ್ನ ನಮ್ಮ ಹಿರಿಯಾರು ಬಾಯಿ ತಗದು ನೋಡ್ಯಾರ, ರೊಕ್ಕ ಹಾಕ್ಯಾರ. ಸುತ್ತ ಮಂದಿ, ಕೈಯಳತಿ ದೂರದಾಗ ಕಣ್ಣು, ಅವರು ಮಾಡಿದ್ದೂ ಇದನ್ನ.

ಅದಕ್ಕ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಹೋಟೆಲ್ ಮಾಲಕರಿಗೆ ನನ್ನ ವಿನಂತಿ, ವಾರದಾಗ ಒಂದು ಸಂಜಿ ಎಲಿ ಜಾದುಗಾರನ್ನ ಕರಸ್ರಿ, ಬಾಗಲ್ದಾಗ "ಇಲ್ಲಿ ಜಾದು ತೋರಸ್ತಾರ, ಬಾಜಿ ಇಲ್ಲ" ಅಂತ ಒಂದು ಬೋರ್ಡ್ ಹಚ್ಚರಿ, ಸಂಶಯ ಅಲ್ಲೆ ಮುಗೀತೈತಿ. ಸಂಜಿಗೆ ಇಷ್ಟು ಅಂತ ನೀವ ಪಗಾರ ಕೊಡ್ರಿ, ಟೇಬಲ್ ಟೇಬಲ್‌ಗೆ ಕೈ ಒಡ್ಡೋ ಹಂಗ ಮಾಡಬ್ಯಾಡ್ರಿ, ಹಂಗ ಆದ್ರ ಗಿರಾಕಿಗೂ ಮುಜುಗರ, ಕಲಾವಿದಗೂ ಮುಜುಗರ. ಅವಳಿ ನಗರದ ಪೊಲೀಸ್ ಕಮಿಷನರೇಟ್‌ನವ್ರು ಈ ದೀಪಾವಳಿಗೆ ಮೊದ್ಲ ಹೋಟೆಲ್‌ನವ್ರಿಗೆ ಒಂದ ಮಾತು ಹೇಳಿದ್ರ, ಪಣ ಇಲ್ಲದ ಜಾದುಗೆ ತಕರಾರಿಲ್ಲ ಅಂತ, ಮ್ಯಾನೇಜರ್‌ಗಳ ಎದಿ ಹಗುರ ಆಗತೈತಿ. ಮತ್ತ ಸಂಪಾದಕರೇ, ಜೂಜಿನ ಸುದ್ದಿಗೆಲ್ಲಾ ಇಸ್ಪೀಟ್ ಎಲಿ ಫೋಟೋನ ಹಾಕ್ತೀರಿ, ಒಂದ ಸಲ ಐತವಾರದ ಪುರವಣಿಯೊಳಗ ಎಲಿ ಜಾದುವಿನ ಫೋಟೋನೂ ಹಾಕ್ರಿ, ನಮ್ಮ ಕಡೆ ಕಲಿಯಾಕ ಹತ್ತಿದ ಹುಡುಗ್ರು ಅದಾರ, ಮನ್ಯಾಗ ಮುಚ್ಚಿಟ್ಟು ಪ್ರಾಕ್ಟೀಸ್ ಮಾಡಾಕತ್ತಾರ, ಅವರ ಅವ್ವ ಅಪ್ಪಗ ತೋರಸಾಕ ಅದು ಬೇಕಾಗೈತಿ.

ಯಾವ ಮಾಲಕರಿಗರ ಇನ್ನೂ ಅನುಮಾನ ಇದ್ರ ಮೊದಲನೇ ಸಂಜಿ ನಾ ರೊಕ್ಕ ತಗೊಳ್ಳದ ಬರ್ತೇನಿ, ಡೆಕ್ ನೀವ ದುರ್ಗದಬೈಲ್ ಪ್ಯಾಟ್ಯಾಗ ಕೊಂಡು ತಂದಿಟ್ಟಿರ್ರಿ, ಸೀಲ್ ನಿಮ್ಮ ಕೈಯಿಂದನ ಒಡೀರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ
ಹುಬ್ಬಳ್ಳಿ