ಊರೆಲ್ಲಿದೆ, ಸಚಿವರೇ?

ಸ್ಪೇನ್ ಸರ್ಕಾರದ ಸಾರಿಗೆ ಸಚಿವ ಆಸ್ಕರ್ ಪುಯೆಂತೆ ಅವರಿಗೆ,

ನಮಸ್ಕಾರ. ನಾನು ಮ್ಯಾಡ್ರಿಡ್‌ನಲ್ಲಿರುವ ಕನ್ನಡಿಗ. ನಿಮಗೆ ಇದು ಸ್ಪ್ಯಾನಿಷ್‌ನಲ್ಲೂ ಬರುತ್ತದೆ. ನಮ್ಮವರೂ ಓದಲಿ ಅಂತ ಕನ್ನಡದಲ್ಲೂ ಬರೆದಿದ್ದೇನೆ.

ಹೋದ ವಾರ ಅಮ್ಮನನ್ನು ಸೆಗೋವಿಯಾ ನೋಡಲು ಕರೆದುಕೊಂಡು ಹೋಗಿದ್ದೆ. ಚಮಾರ್ತಿನ್‌ನಲ್ಲಿ ರೈಲು ಹತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ, ಗಿಯೊಮಾರ್ ಸ್ಟೇಷನ್ ಬಂತು. ಹೊರಗೆ ಬಂದ ಅಮ್ಮ ಸುತ್ತ ನೋಡಿದರು. ಬಯಲು, ದೂರದಲ್ಲಿ ಬೆಟ್ಟ, ಕಾರು ನಿಲ್ಲಿಸುವ ಜಾಗ. "ಊರೆಲ್ಲಪ್ಪಾ?" ಅಂದರು.

ಊರು ಇನ್ನೂ ಐದಾರು ಕಿಲೋಮೀಟರ್ ಆಚೆ ಇತ್ತು.

ಕಾರಣ ನನಗೂ ಗೊತ್ತು. 28 ಕಿಲೋಮೀಟರ್ ಉದ್ದದ ಗ್ವಾದರ್ರಾಮ ಸುರಂಗ ದಾಟಿ ನೆಟ್ಟಗೆ ವಯಾದೊಲಿದ್ ಕಡೆ ಓಡುವ ರೈಲನ್ನು ಸುಮಾರು ಐವತ್ತು ಸಾವಿರ ಜನರ ಊರಿಗಾಗಿ ತಿರುಗಿಸುವುದು ಕಷ್ಟ. ಬೆಟ್ಟ ಹತ್ತಿಳಿದು ಊರೊಳಗೇ ಬರುವ ಹಳೇ ಹಳಿಯಲ್ಲಿ ಸುಮಾರು ಎರಡು ಗಂಟೆ ಬೇಕು. ಹಾಗಾಗಿ 2007ರಲ್ಲಿ ಶುರುವಾದ ಸ್ಟೇಷನ್ನನ್ನು ಕಿತ್ತು ಬೇರೆ ಕಡೆ ಕಟ್ಟಿ ಅನ್ನುವುದಿಲ್ಲ. ಆದರೂ ಸ್ವಲ್ಪ ನಗು ಬರುತ್ತದೆ. ರೋಮನ್ನರು ಅಷ್ಟು ದೂರದ ಬೆಟ್ಟದ ನೀರನ್ನು ಕಲ್ಲಿನ ಕಮಾನುಗಳ ಮೇಲೆ ಊರೊಳಗೇ ತಂದುಬಿಟ್ಟಿದ್ದರು, ಅಲ್ವಾ? ಗಿಯೊಮಾರ್ ಅನ್ನುವುದು ಕವಿ ಆಂತೋನಿಯೊ ಮಚಾದೊ ತನ್ನ ಪ್ರೇಯಸಿಗೆ ಇಟ್ಟಿದ್ದ ಹೆಸರು. ಕೈಗೆ ಸಿಗದವಳ ಹೆಸರನ್ನೇ ಹುಡುಕಿ ಇಟ್ಟಂತಿದೆ!

ನಾನು ಕೇಳುವುದು ಇಷ್ಟೇ. ಎವಿಇ ಅನ್ನುವ ಹೈಸ್ಪೀಡ್ ರೈಲಿನ ಟಿಕೆಟ್ ಇದ್ದವರಿಗೆ ಮ್ಯಾಡ್ರಿಡ್‌ನಲ್ಲಿ ಸೆರ್ಕಾನಿಯಾಸ್ ಲೋಕಲ್ ರೈಲು ಪುಕ್ಕಟೆ. ಗಿಯೊಮಾರ್‌ಗೆ ಲೋಕಲ್ ರೈಲಿಲ್ಲ, 11ನೇ ನಂಬರಿನ ಸಿಟಿ ಬಸ್ ಇದೆ. ರೈಲಿನ ಟಿಕೆಟ್ಟೇ ಆ ಬಸ್ಸಿಗೂ ನಡೆಯಲಿ. ಬಸ್ ನಗರಸಭೆಯದು, ನನ್ನ ಇಲಾಖೆಯದಲ್ಲ ಅಂತ ನೀವು ಹೇಳಬಹುದು. ಆದರೆ ನೀವು ಎಂಟು ವರ್ಷ ವಯಾದೊಲಿದ್‌ನ ಮೇಯರ್ ಆಗಿದ್ದವರು. ನಗರಸಭೆಯವರ ಜೊತೆ ಕೂತು ಖರ್ಚು ಹಂಚಿಕೊಳ್ಳುವ ಮಾತು ನಿಮಗೆ ಹೊಸದಲ್ಲ. ಇದೇ ಹಳಿಯ ಮೇಲಿರುವ ನಿಮ್ಮೂರಲ್ಲಿ ರೈಲು ಊರ ನಡುವೆಯೇ ನಿಲ್ಲುತ್ತದೆ. ಇಳಿದವರು ಪಾರ್ಕಿಗೆ ನಡೆದೇ ಹೋಗುತ್ತಾರೆ.

ಸೆಗೋವಿಯಾದಲ್ಲಿ ಇದು ಹೊಂದಿದರೆ ಆಮೇಲೆ ಕ್ವೆಂಕಾ ಕಡೆ ನೋಡಿ. ಅಲ್ಲೂ 2010ರ ಫರ್ನಾಂದೊ ಸೊಬೆಲ್ ಸ್ಟೇಷನ್ ಊರಾಚೆಯೇ ಇದೆ. ಊರೊಳಗೆ ಬರುತ್ತಿದ್ದ ಹಳೇ ರೈಲು 2022ರಲ್ಲಿ ನಿಂತುಹೋಯಿತು. ಅಲ್ಲಿನವರಿಗೆ ಈಗ ಉಳಿದಿರುವುದು ಅದೊಂದೇ ಸ್ಟೇಷನ್.

ಇಂತಿ,
ಮ್ಯಾಡ್ರಿಡ್‌ನ ಒಬ್ಬ ಕನ್ನಡಿಗ