ಘಟ್ಟ ಇಳಿದು ಮೀನೂಟಕ್ಕೆ ಬಾ

ಪ್ರೀತಿಯ ಗೆಳೆಯಾ,

ಕರಾವಳಿಯಲ್ಲಿ ಒಳ್ಳೆಯ ಮೀನೂಟ ಎಲ್ಲಿ ಸಿಗುತ್ತದೆ, ಜಪಾನಿನ ಸುಶಿ (ಹುಳಿ ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನು ಇಟ್ಟು ಕೊಡುವ ತಿನಿಸು) ಕೂಡ ಸಿಗುತ್ತದಾ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಮಾರಾಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬಂಗುಡೆ ವಿಷಯ. ಹೊರಗಿನಿಂದ ಬಂದವರೆಲ್ಲ ಅಂಜಲ್ ಕೇಳುತ್ತಾರೆ. ಅಂಜಲ್ ರುಚಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ಗಟ್ಟಿ ಮೀನು, ಐಸಿನಲ್ಲಿ ಇಟ್ಟರೆ ಕೆಲವು ದಿನ ತಡೆಯುತ್ತದೆ. ಮೇಲೆ ಮಸಾಲೆ ಬಿತ್ತು ಅಂದರೆ ಹಳೆಯದೋ ಹೊಸದೋ ತಿಳಿಯುವುದೇ ಕಷ್ಟ. ಬಂಗುಡೆ, ಬೂತಾಯಿ ಹಾಗಲ್ಲ. ಮೈ ತುಂಬ ಎಣ್ಣೆ ಇರುವ ಮೀನು, ಬೇಗ ಕೆಡುತ್ತವೆ. ಬಂಗುಡೆ ಚೆನ್ನಾಗಿ ಮಾಡುವ ಹೋಟೆಲಿನಲ್ಲಿ ಬೇರೆ ಮೀನನ್ನೂ ನಂಬಿ ತಿನ್ನಬಹುದು. ಕೂತ ತಕ್ಷಣ ಮೆನು ಕಾರ್ಡ್ ಕೇಳಬೇಡ. "ಇವತ್ತು ಏನು ಮೀನು ಬಂದಿದೆ?" ಅಂತ ಕೇಳು. ಎಲ್ಲಾ ಇದೆ ಅಂದರೆ ನನಗೆ ಅನುಮಾನ. ಕಾಣೆ ಇಲ್ಲ, ನಂಗ್ ಇದೆ, ಬೊಂಡಾಸ್ ಈಗ ಖಾಲಿ ಆಯಿತು ಅಂದರೆ ಅಲ್ಲೇ ಊಟ ಮಾಡು.

ಮಂಗಳೂರಿನ ಬಂದರಿನ ಹತ್ತಿರ ನಾರಾಯಣ ಹೋಟೆಲ್ ಇದೆ. ಅಲ್ಲಿ ಮಸಾಲೆ ಹಚ್ಚಿದ ಹಸಿ ಮೀನನ್ನು ತಟ್ಟೆಯಲ್ಲಿಟ್ಟು ಟೇಬಲಿಗೇ ತರುತ್ತಾರೆ. ಬೇಕಾದ್ದನ್ನು ಬೆರಳಲ್ಲಿ ತೋರಿಸಿದರೆ ಅದನ್ನೇ ಕಾಯಿಸಿ ಕೊಡುತ್ತಾರೆ. ಮುಚ್ಚುಮರೆ ಇಲ್ಲದ ಈ ಪದ್ಧತಿ ನನಗೆ ತುಂಬ ಇಷ್ಟ. ಕುಂದಾಪುರದ ಶೆಟ್ಟಿ ಲಂಚ್ ಹೋಂ ಹೆಸರು ಕೇಳಿರುತ್ತೀಯ, ಅದು ಕೋಳಿ ಘೀ ರೋಸ್ಟಿಗೆ. ಅಲ್ಲಿಗೆ ಬೇರೆ ದಿನ ಹೋಗೋಣ. ಆದರೆ ನಮ್ಮ ತೀರ್ಥಹಳ್ಳಿಯಿಂದ ಹತ್ತಿರ ಅಂದರೆ ಮಲ್ಪೆ. ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ದಾಟಿದರೆ ನೂರು ಕಿಲೋಮೀಟರ್ ಒಳಗೇ ಸಮುದ್ರ. ಬಂದರಿನ ಸುತ್ತ ಇರುವ ಸಣ್ಣ ಹೋಟೆಲುಗಳಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು, ಕಾವಲಿಯಿಂದ ನೇರ ತಟ್ಟೆಗೆ ಬಂದ ಬಂಗುಡೆ. ಇಷ್ಟು ಸಾಕು.

ಇನ್ನು ಸುಶಿ. ಬೆಂಗಳೂರಿನಲ್ಲಿ ನೀನು ಸುಶಿಯಲ್ಲಿ ತಿನ್ನುವ ಸಾಲ್ಮನ್ ಮೀನು ನಮ್ಮ ಸಮುದ್ರದ್ದಲ್ಲ, ಚಳಿ ದೇಶಗಳಿಂದ ಬರುವುದು. ದೋಣಿಯಿಂದ ಈಗಷ್ಟೇ ಇಳಿದ ಮೀನು ಅಂದ ಮಾತ್ರಕ್ಕೆ ಅದನ್ನು ಹಸಿಯಾಗಿ ತಿನ್ನಬಹುದು ಅಂತಲ್ಲ. ಮೀನಿನೊಳಗಿನ ಹುಳ ಸಾಯಬೇಕಾದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು ಅಂತ ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ. ಮನೆ ಫ್ರಿಜ್ಜಿನಲ್ಲಿ ಆಗುವ ಕೆಲಸ ಅಲ್ಲ ಅದು. ಬಂಗುಡೆಗೆ ಇನ್ನೊಂದು ತೊಂದರೆ ಇದೆ. ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಹಾಗಾಗಿ ಕರಾವಳಿಯಲ್ಲಿ ಎಲ್ಲಾದರೂ ಸುಶಿ ಬೋರ್ಡ್ ಕಂಡರೆ ಮೀನನ್ನು ಹೇಗೆ ಇಟ್ಟಿರುತ್ತಾರೆ ಅಂತ ಕೇಳು. ಸರಿಯಾದ ಉತ್ತರ ಬರದಿದ್ದರೆ ಸುಮ್ನೆ ಎದ್ದು ಬಾ.

ಆದರೂ ಸುಶಿಯಲ್ಲಿ ನನ್ನ ಮನಸ್ಸಿಗೆ ತುಂಬ ಹಿಡಿಸಿದ್ದು ಒಂದಿದೆ. ಜಪಾನಿನ ಕ್ಯೋಟೋ ಸಮುದ್ರದಿಂದ ದೂರದ ಊರು, ನಡುವೆ ಬೆಟ್ಟ. ಹಿಂದೆ ವಾಕಾಸಾ ಕರಾವಳಿಯ ಒಬಾಮಾ ಅನ್ನುವ ಊರಿನಿಂದ ಸಾಬಾ ಮೀನಿಗೆ ಉಪ್ಪು ಹಾಕಿ, ಹೊತ್ತುಕೊಂಡು ಸುಮಾರು 70 ಕಿಲೋಮೀಟರ್ ಬೆಟ್ಟದ ದಾರಿ ನಡೆಯುತ್ತಿದ್ದರು. ಸಾಬಾ ನಮ್ಮ ಬಂಗುಡೆಯ ಬಳಗದ್ದೇ. ಊರು ಮುಟ್ಟುವ ಹೊತ್ತಿಗೆ ಉಪ್ಪು ಹದವಾಗಿ ಹಿಡಿದಿರುತ್ತಿತ್ತಂತೆ. ಅದನ್ನು ವಿನೆಗರಿನಲ್ಲಿ ನೆನೆಸಿ, ಹುಳಿ ಅನ್ನದ ಮೇಲಿಟ್ಟು ಒತ್ತಿ ಕಟ್ಟಿದರೆ ಸಾಬಾ ಸುಶಿ. ಹಬ್ಬದ ಊಟ ಅದು. ಆ ದಾರಿಯನ್ನು ಈಗಲೂ ಸಾಬಾ ದಾರಿ ಅಂತಲೇ ಕರೆಯುತ್ತಾರೆ.

ಇದನ್ನು ಓದಿದಾಗ ನನಗೆ ನಮ್ಮದೇ ಕಥೆ ಅನಿಸಿತು, ಅಲ್ವಾ? ಐಸು, ಟೆಂಪೋ ಇಲ್ಲದ ಕಾಲದಲ್ಲಿ ಘಟ್ಟದ ಮೇಲೆ ಬರುತ್ತಿದ್ದದ್ದು ಹೆಚ್ಚಾಗಿ ಒಣಮೀನು, ಉಪ್ಪುಮೀನು. ಮಳೆಗಾಲಕ್ಕೆ ಅಂತ ಎತ್ತಿಡುತ್ತಿದ್ದರು. ಕಡುಬಿನ ಜೊತೆಗೆ ಅದರ ಸಾರು. ನಮ್ಮ ಕಡೆ ಯಾರಾದರೂ ಸುಶಿ ಹೋಟೆಲ್ ತೆರೆದರೆ ಸಾಲ್ಮನ್ ತರಿಸುವುದು ಬೇಡ. ಸರಿಯಾಗಿ ಶೀತದಲ್ಲಿಟ್ಟ ಬಂಗುಡೆಗೆ ಉಪ್ಪು, ಹುಳಿ ಹಿಡಿಸಿ, ಮಲೆನಾಡಿನ ಅಕ್ಕಿಯಲ್ಲಿ ಕಟ್ಟಿ ಕೊಡಲಿ. ಮೊದಲ ಗಿರಾಕಿ ನಾನೇ.

ಬರುವ ದಿನ ನೋಡಿಕೋ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ನಿಲ್ಲಿಸುವುದೇ ಸರಿ. ಆಗ ನಾಡದೋಣಿಯ ಮೀನಷ್ಟೇ, ಬೆಲೆಯೂ ಜಾಸ್ತಿ. ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಮೀನು ತರುವುದಿಲ್ಲ. ಅದು ಮುಗಿದ ಮೇಲೆ ಬಾ. ರಾತ್ರಿ ಬಸ್ಸಿಗೆ ತೀರ್ಥಹಳ್ಳಿಗೆ ಬಂದು ಇಳಿ, ತಿಂಡಿ ಮುಗಿಸಿ ನನ್ನ ಬೈಕಿನಲ್ಲಿ ಘಾಟಿ ಇಳಿಯೋಣ. ಊಟದ ಹೊತ್ತಿಗೆ ಮಲ್ಪೆಯಲ್ಲಿರುತ್ತೇವೆ.

ಇಂತಿ ನಿನ್ನ ಗೆಳೆಯ